ಏಳನೇ ಸರದಿ

ಆ ವರ್ಷ ನಾವು ಯಾಕೆ ಸೋತೆವು ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಒಂದು ಕಾರಣ ಸಿದ್ಧವಾಗಿರುತ್ತಿತ್ತು. ನನ್ನ ತಲೆಗೂದಲು ಕತ್ತರಿಸುವವನು ಚೆಂಡು ಎಸೆಯುವ ಪಿಚರ್‌ಗಳ ತೋಳಿನಲ್ಲಿ ಕಸುವಿಲ್ಲ ಎಂದ. ಪಾದ್ರಿಗಳು ಹುಡುಗರಲ್ಲಿ ಒಗ್ಗಟ್ಟಿಲ್ಲ ಎಂದರು. ಬೇಸ್‌ಬಾಲ್ ಎಂದರೆ ಆಕಳಿಸುವ ನನ್ನ ಹೆಂಡತಿ ಲೊರೇನ್ ಮಾತ್ರ, "ನೀವು ಕಮ್ಮಿ ರನ್ ಹೊಡೀತೀರಿ, ಅವರು ಜಾಸ್ತಿ ಹೊಡೀತಾರೆ. ಇದಕ್ಕೇನು ಅಷ್ಟೊಂದು ತಲೆ ಕೆಡಿಸ್ಕೊಳ್ಳೋದು?" ಎಂದಳು. ಮೂವತ್ತು ವರ್ಷ ಈ ಆಟದಲ್ಲಿ ಸವೆದ ನನಗೂ ಅದಕ್ಕಿಂತ ಒಳ್ಳೆಯ ಕಾರಣ ಇವತ್ತಿನವರೆಗೆ ಸಿಕ್ಕಿಲ್ಲ.

ನಮ್ಮ ಊರು ಪೋರ್ಟ್ ಹಾಲಂಡ್, ನಮ್ಮ ತಂಡ ಟಗ್ಸ್. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದುಕೊಂಡು ಹೋಗುವ ಪುಟ್ಟ ದೋಣಿಗಳ ಹೆಸರು ಅದು. 1986ರಲ್ಲಿ ನಮ್ಮನ್ನೇ ಯಾರಾದರೂ ಎಳೆದುಕೊಂಡು ಹೋಗಬೇಕಿತ್ತು. ಏಪ್ರಿಲ್‌ನಲ್ಲಿ ಹಿಮ ಬಿದ್ದು ಮೊದಲ ಪಂದ್ಯ ಒಂದು ದಿನ ಮುಂದಕ್ಕೆ ಹೋಯಿತು. ಆ ವಾರ ನಾವು ಸೋಲದೆ ಉಳಿದ ದಿನ ಅದೊಂದೇ. ಜೂನ್‌ನಲ್ಲಿ ಹದಿನಾಲ್ಕು ಪಂದ್ಯ ಸಾಲಾಗಿ ಸೋತೆವು. ನಮ್ಮ ಮೂರನೇ ಬೇಸಿನ ಆಟಗಾರ ಸ್ನಾನದ ಮನೆಯ ಬಾಗಿಲಿಗೆ ಹೆಬ್ಬೆರಳು ಸಿಕ್ಕಿಸಿಕೊಂಡು ಮುರಿದುಕೊಂಡ. ಆಗಸ್ಟ್ ಹೊತ್ತಿಗೆ ಸ್ಟ್ಯಾಂಡುಗಳಲ್ಲಿ ಜನರಿಗಿಂತ ಬಂದರಿನ ಹಕ್ಕಿಗಳೇ ಹೆಚ್ಚಾಗಿದ್ದವು. ಅವಾದರೂ ಚೆಲ್ಲಿದ ಬ್ರೆಡ್ಡು ತಿನ್ನಲು ಬರುತ್ತಿದ್ದವು. ಜನ ಯಾತಕ್ಕೆ ಬರುತ್ತಿದ್ದರೋ ದೇವರೇ ಬಲ್ಲ.

ಒಂದು ವರ್ಷಕ್ಕೆ ನೂರ ಅರವತ್ತೆರಡು ಪಂದ್ಯ. ನೂರ ಅರವತ್ತೊಂದು ಮುಗಿದಾಗ ನಾವು ತೊಂಬತ್ತೊಂಬತ್ತು ಸೋತಿದ್ದೆವು. ತೊಂಬತ್ತೊಂಬತ್ತು ಸೋತ ತಂಡವನ್ನು ಜನ ಮುಂದಿನ ವರ್ಷ ಮರೆತುಬಿಡುತ್ತಾರೆ. ನೂರು ಸೋತ ತಂಡವನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ. ಪತ್ರಿಕೆಯವರು ಆ ವಾರವೆಲ್ಲ ಅದನ್ನೇ ಬರೆದರು. ಆದರೆ ನನಗೆ ಆ ಕೊನೆಯ ಪಂದ್ಯದಲ್ಲಿ ನೂರರ ಚಿಂತೆ ಇರಲಿಲ್ಲ. ನನಗಿದ್ದದ್ದು ರಾಯ್ಸ್ ಟಾಲಿವರ್‌ನ ಚಿಂತೆ.

ಟಾಲಿವರ್ ಟೆನೆಸಿಯ ಬೆಟ್ಟದ ಕಡೆಯವನು. ವಯಸ್ಸು ಮೂವತ್ಮೂರು. ಹನ್ನೆರಡು ವರ್ಷ ಕೆಳಗಿನ ಲೀಗುಗಳಲ್ಲಿ ಬಸ್ಸಿನ ಸೀಟಿನಲ್ಲಿ ಮಲಗಿ, ತಣ್ಣಗಾದ ಸ್ಯಾಂಡ್‌ವಿಚ್ ತಿಂದುಕೊಂಡು ಆಡಿದವನು. ಮೇಲಿನ ಲೀಗಿಗೆ ಅವನನ್ನು ಒಂದು ಸಲವೂ ಯಾರೂ ಕರೆದಿರಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ, ಹೆಬ್ಬೆರಳಿನ ದೆಸೆಯಿಂದ, ನಾವು ಕರೆದೆವು. ಬಂದ ದಿನ ಟೋಪಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದವನು ನನ್ನನ್ನು ಕಂಡು ನಾಚಿ ಟೋಪಿ ತೆಗೆದ. ಒಂದು ತಿಂಗಳಲ್ಲಿ ಹದಿಮೂರು ಸಲ ಬ್ಯಾಟ್ ಹಿಡಿದು ನಿಂತ. ಹದಿಮೂರು ಸಲವೂ ಔಟ್. ಒಂದೇ ಒಂದು ಹಿಟ್ ಇಲ್ಲ. ಅಂದರೆ ಚೆಂಡು ಹೊಡೆದು ತನ್ನ ಬಲದಿಂದ ಮೊದಲ ಬೇಸ್ ಮುಟ್ಟಿದ್ದು ಒಂದು ಸಲವೂ ಇಲ್ಲ. ಈ ಪಂದ್ಯ ಮುಗಿದರೆ ಅವನ ಆಟವೂ ಮುಗಿಯಿತು. ಊರಿನ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುವ ಕೆಲಸ ಒಪ್ಪಿಕೊಂಡಿದ್ದ.

ಮೇಲಿನ ಲೀಗಿನಲ್ಲಿ ಒಂದು ದಿನ ಆಡಿದವನ ಹೆಸರೂ ದಾಖಲೆಯ ಪುಸ್ತಕದಲ್ಲಿ ಇರುತ್ತದೆ. ಹೆಸರಿನ ಮುಂದೆ ಅವನು ಹೊಡೆದ ಹಿಟ್‌ಗಳ ಸಂಖ್ಯೆ. ಒಂದು ಹಿಟ್ ಇದ್ದವನು ಮೇಲಿನ ಲೀಗಿನಲ್ಲಿ ಹೊಡೆದವನು. ಸೊನ್ನೆ ಇದ್ದವನು ಬಂದು ಹೋದವನು. ನಾನು ನನ್ನ ಕಾಲದಲ್ಲಿ ಮೂವತ್ತೊಂದು ಹಿಟ್ ಹೊಡೆದೆ, ಅಷ್ಟೇ. ಆದರೂ ಈಗಲೂ ಯಾವುದಾದರೂ ಮದುವೆ ಊಟದಲ್ಲಿ ಪಕ್ಕದವನು ಕೇಳಿದರೆ ಆ ಮೂವತ್ತೊಂದನ್ನು ಹೇಳುವಾಗ ಬೆನ್ನು ನೆಟ್ಟಗಾಗುತ್ತದೆ. ಅದಕ್ಕೇ ಟಾಲಿವರ್‌ಗೆ ಒಂದಾದರೂ ಸಿಗಲಿ ಎಂದು ನನಗೆ ಹೊಟ್ಟೆಯೊಳಗಿಂದ ಆಸೆ.

ನಾನು ಆಲ್ವಿನ್ ಕ್ರೆಬ್ಸ್, ಮ್ಯಾನೇಜರ್‌ನ ಪಕ್ಕದಲ್ಲಿ ಕೂರುವ ಕೋಚ್. ನನ್ನ ಕೆಲಸಗಳಲ್ಲಿ ಮುಖ್ಯವಾದದ್ದು ಸರದಿ ಚೀಟಿ ಬರೆಯುವುದು. ಒಂಬತ್ತು ಜನ ಯಾರ ನಂತರ ಯಾರು ಬ್ಯಾಟ್ ಹಿಡಿಯಬೇಕು ಎಂಬ ಪಟ್ಟಿ. ಶಾಲೆಯಲ್ಲಿ ಕನ್ಯಾಸ್ತ್ರೀಯರು ಗೆಣ್ಣಿನ ಮೇಲೆ ಅಳತೆಪಟ್ಟಿಯಲ್ಲಿ ಹೊಡೆದು ತಿದ್ದಿಸಿದ ಅಕ್ಷರ ನನ್ನದು, ಲೀಗಿನಲ್ಲೇ ಚೆಂದ ಎಂದು ಹೆಸರು. ಚೀಟಿ ಎರಡು ಬಗೆ. ಒಂದು ಸಣ್ಣದು, ಕಾರ್ಬನ್ ಇಟ್ಟು ಬರೆಯುವುದು: ಮೇಲಿನ ಹಾಳೆ ಅಂಪೈರ್‌ಗೆ, ಎರಡನೆಯದು ಎದುರು ತಂಡದ ಮ್ಯಾನೇಜರ್‌ಗೆ, ಮೂರನೆಯದು ನನ್ನ ಹಿಂಜೇಬಿಗೆ. ಇನ್ನೊಂದು ದೊಡ್ಡದು, ಕೆಂಪು ನೀಲಿ ಪೆನ್ಸಿಲಿನಲ್ಲಿ ಬರೆದು ಆಟಗಾರರು ಕೂರುವ ನಮ್ಮ ಡಗೌಟಿನ ಗೋಡೆಗೆ ಅಂಟಿಸುವುದು. ಆಟಗಾರರು ನೋಡುವುದು ಗೋಡೆಯನ್ನು. ಅಂಪೈರ್ ನಂಬುವುದು ತನ್ನ ಜೇಬಿನ ಚೀಟಿಯನ್ನು. ಎರಡೂ ಒಂದೇ ಇರಬೇಕು. ಇದಕ್ಕೆ ದೊಡ್ಡ ತಲೆಯೇನೂ ಬೇಕಿಲ್ಲ.

ಆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಎರಡೂ ಬರೆದು ಮುಗಿಸಿದ್ದೆ. ಏಳನೇ ಸರದಿ ಕ್ಯಾಚರ್ ನೆಸ್ಟರ್ ಕೆಸಾಡಾನದು, ಎಂಟನೆಯದು ಟಾಲಿವರ್‌ನದು. ನಮ್ಮ ಮ್ಯಾನೇಜರ್ ಹಾರ್ಲನ್ ವೀಕ್ಸ್ ತನ್ನ ಕೋಣೆಯಲ್ಲಿ ಸೂರ್ಯಕಾಂತಿ ಬೀಜ ಕಡಿಯುತ್ತ ಕೂತಿದ್ದ. ಮರುದಿನ ತನ್ನನ್ನು ಮನೆಗೆ ಕಳಿಸುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಗೋಡೆಯ ಮೇಲಿದ್ದ ಹೆಂಡತಿಯ ಫೋಟೋ ಆಗಲೇ ತೆಗೆದು ಚೀಲಕ್ಕೆ ಹಾಕಿದ್ದ.

"ಟಾಲಿವರ್‌ನ ಏಳಕ್ಕೆ ಹಾಕೋಣ ಕಣೋ" ಎಂದೆ.

"ಏಳಾದ್ರೇನು, ಎಂಟಾದ್ರೇನು? ಅವನಿಗೆ ಯಾವ ನಂಬರಲ್ಲಿ ನಿಂತರೂ ಚೆಂಡು ಕಾಣಲ್ಲ."

"ಒಂದು ಸರದಿ ಮೊದಲು ಬರ್ತಾನೆ. ಪಂದ್ಯ ಮುಗಿಯೋದ್ರೊಳಗೆ ಒಂದ್ಸಲ ಹೆಚ್ಚಿಗೆ ಸಿಕ್ಕಿದ್ರೂ ಸಿಕ್ಕೀತು. ಇದೇ ಕೊನೇದು ಅವನಿಗೆ."

ವೀಕ್ಸ್ ಸಿಪ್ಪೆ ಉಗುಳಿ ನನ್ನನ್ನೇ ನೋಡಿದ. "ನನಗೂ ಇದೇ ಕೊನೇದು. ನನ್ನನ್ನ ಯಾವ ನಂಬರಿಗೆ ಹಾಕ್ತೀಯಪ್ಪಾ?"

"ನಿನ್ನ ಹೊಟ್ಟೆ ಎತ್ಕೊಂಡು ಓಡೋಕಾದ್ರೆ ಹಾಕ್ತೀನಿ."

"ಹಾಕ್ಕೋ ಮಾರಾಯ, ಹಾಕ್ಕೋ. ಕೆಸಾಡಾಗೆ ನೀನೇ ಹೇಳು. ಮುಖ ಊದಿಸ್ಕೊಂಡು ನನ್ನತ್ರ ಬರೋದು ಬೇಡ."

ನಾನು ಗೋಡೆಯ ಚೀಟಿ ಕಿತ್ತು ಹೊಸದು ಬರೆದೆ. ಟಾಲಿವರ್ ಏಳು, ಕೆಸಾಡಾ ಎಂಟು. ಮೈಕಿನಲ್ಲಿ ಹೆಸರು ಕೂಗುವವನಿಗೆ ಫೋನ್ ಮಾಡಿ ಬದಲಾವಣೆ ಹೇಳಿದೆ. ಕೆಸಾಡಾನನ್ನು ಹುಡುಕಿಕೊಂಡು ಹೋಗಿ ಸಮಾಧಾನ ಮಾಡಿದೆ. ಅವನು ಎರಡು ಮೊಣಕಾಲಿಗೂ ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದ.

"ಎಂಟಾ? ನಾನೇನು ತಪ್ಪು ಮಾಡ್ದೆ?"

"ತಪ್ಪೇನಿಲ್ಲ ಕಣೋ. ಟಾಲಿವರ್‌ಗೋಸ್ಕರ."

"ಟಾಲಿವರ್‌ಗೆ ಅಂದ್ರೆ ಒಂಬತ್ತಾದ್ರೂ ಸರಿ ಬಿಡಿ. ಬಸ್ಸಲ್ಲಿ ಅವನೊಬ್ಬನೇ ಕಣ್ರೀ ನನ್ನ ಹಾಡಿಗೆ ಬೈಯದೇ ಇರೋನು" ಎಂದ.

ಅಷ್ಟರಲ್ಲಿ ಅಂಪೈರ್‌ಗಳು ಬಂದರು, ಬ್ಯಾಂಡಿನವರು ರಾಷ್ಟ್ರಗೀತೆ ನುಡಿಸಿದರು, ನಾನು ಹಿಂಜೇಬಿನಿಂದ ಸಣ್ಣ ಚೀಟಿ ತೆಗೆದು ಕೊಟ್ಟೆ. ಹನ್ನೊಂದಕ್ಕೆ ಬರೆದಿಟ್ಟ ಚೀಟಿ. ಏಳು ಕೆಸಾಡಾ, ಎಂಟು ಟಾಲಿವರ್. ಅದನ್ನು ಬದಲಿಸಬೇಕೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಆರು ತಿಂಗಳಲ್ಲಿ ನೂರ ಅರವತ್ತೊಂದು ಸಲ ಜೇಬಿಗೆ ಕೈ ಹಾಕಿ ಚೀಟಿ ತೆಗೆದುಕೊಟ್ಟ ಕೈ ಅದು, ತನ್ನಷ್ಟಕ್ಕೆ ತಾನೇ ಹೋಗಿ ಬಂತು.

ಎದುರಿಗಿದ್ದದ್ದು ಕವಿಂಗ್ಟನ್ ತಂಡ. ಗೆದ್ದರೆ ಅವರು ಮುಂದಿನ ಸುತ್ತಿಗೆ, ಸೋತರೆ ನಮ್ಮ ಹಾಗೆ ಮನೆಗೆ. ಅವರ ಮ್ಯಾನೇಜರ್ ಬಡ್ ಸ್ಟ್ರಿಕ್ಲರ್ ನನಗೆ ಇಪ್ಪತ್ತು ವರ್ಷದ ಪರಿಚಯ. ಅವನು ಚೀಟಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು, "ಲೊರೇನ್ ಹೇಗಿದಾಳೆ?" ಎಂದು ಕೇಳಿ ಹೋದ.

ನಮ್ಮ ಡಗೌಟಿನ ಹಿಂದೆ ಮೂರನೇ ಸಾಲಿನಲ್ಲಿ ಒಬ್ಬ ಬೋಳು ತಲೆಯವನು ಕೂರುತ್ತಿದ್ದ. ಇಡೀ ವರ್ಷ ಒಂದು ಪಂದ್ಯ ತಪ್ಪಿಸಿದವನಲ್ಲ. ಅವನ ಹೆಸರು ನಮಗೆ ಗೊತ್ತಿಲ್ಲ, ಗಂಟಲು ಎಂದು ಕರೆಯುತ್ತಿದ್ದೆವು. ಎರಡನೇ ಇನಿಂಗ್ಸಿನಲ್ಲಿ ಟಾಲಿವರ್ ಬ್ಯಾಟ್ ಹಿಡಿದು ಹೋಗುವಾಗ ಗಂಟಲು ಶುರು ಮಾಡಿದ.

"ಏ ಟಾಲಿವರ್! ಬ್ಯಾಟಲ್ಲಿ ತೂತಿದೆಯಾ ನೋಡ್ಕೊಳ್ಳಪ್ಪಾ!"

ಟಾಲಿವರ್ ಮೇಲಕ್ಕೆ ಹೊಡೆದ. ಚೆಂಡು ತಲೆಯ ಮೇಲೇ ಹೋಗಿ ಕೆಳಗೆ ನಿಂತಿದ್ದವನ ಕೈಗೆ ಬಿತ್ತು. ಅವನ ನಂತರ ಕೆಸಾಡಾ ಹೋದ, ಅವನೂ ಔಟ್. ಹದಿನಾಲ್ಕಕ್ಕೆ ಸೊನ್ನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಐದನೇ ಇನಿಂಗ್ಸಿನಲ್ಲಿ ಟಾಲಿವರ್ ಕೆನ್ನೆಗೆ ಬಾರಿಸಿದ ಹಾಗೆ ಚೆಂಡಿಗೆ ಬಾರಿಸಿದ. ನಾನು ಎದ್ದು ನಿಂತೆ. ಚೆಂಡು ನೇರ ಹೋಗಿ ಎದುರಾಳಿಯ ಕೈಗವಸಿನಲ್ಲಿ ಕೂತಿತು. ಅವನು ಕೈ ಎತ್ತುವ ಶ್ರಮವನ್ನೂ ಪಡಬೇಕಾಗಲಿಲ್ಲ. ಟಾಲಿವರ್ ಡಗೌಟಿಗೆ ಬಂದು ಹೆಲ್ಮೆಟ್ಟನ್ನು ಗೂಟಕ್ಕೆ ಮೆಲ್ಲಗೆ ಸಿಕ್ಕಿಸಿ ಕೂತ. ಬೇರೆಯವರಾಗಿದ್ದರೆ ನೀರಿನ ಡಬ್ಬಕ್ಕೆ ಒದೆಯುತ್ತಿದ್ದರು. ಆ ವರ್ಷ ನಾವು ಹನ್ನೊಂದು ನೀರಿನ ಡಬ್ಬ ಕಳೆದುಕೊಂಡಿದ್ದೆವು.

"ಚೆನ್ನಾಗಿ ಹೊಡೆದೆ" ಎಂದೆ.

"ಹೌದು ಕೋಚ್. ಚೆನ್ನಾಗೇ ಬಿತ್ತು. ನೇರ ಅವನತ್ರಾನೇ ಹೋಯ್ತು" ಎಂದ, ಹವಾಮಾನ ಹೇಳಿದ ಹಾಗೆ.

ಎದುರಿನ ಡಗೌಟಿನಲ್ಲಿ ಸ್ಟ್ರಿಕ್ಲರ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಅವನಿಗೆ ಎರಡನೇ ಇನಿಂಗ್ಸಿನಲ್ಲೇ ತಪ್ಪು ಕಂಡಿತ್ತು. ಆದರೆ ತಪ್ಪಿದ ಸರದಿಯವನು ಔಟಾದರೆ ಯಾವ ಮ್ಯಾನೇಜರ್ ಬಾಯಿ ಬಿಡುತ್ತಾನೆ? ಔಟು ಪುಕ್ಕಟೆ ಸಿಕ್ಕಿತು, ಸುಮ್ಮನಿರುತ್ತಾನೆ. ಹೊಡೆದಾಗ ಮಾತ್ರ ಎದ್ದು ಬರುತ್ತಾನೆ. ಅಂಪೈರ್‌ಗೆ ಗೊತ್ತಾಗಿದ್ದರೂ ತಾನಾಗಿ ಹೇಳುವಂತಿಲ್ಲ, ನಿಯಮವೇ ಹಾಗೆ. ನಾನೂ ಆ ಜಾಗದಲ್ಲಿದ್ದರೆ ಸ್ಟ್ರಿಕ್ಲರ್ ಮಾಡಿದ್ದನ್ನೇ ಮಾಡುತ್ತಿದ್ದೆ. ಅದನ್ನು ಒಪ್ಪಿಕೊಳ್ಳುವುದಕ್ಕೇ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಎಂಟನೇ ಇನಿಂಗ್ಸಿಗೆ ಅವರು ಮೂರು, ನಾವು ಎರಡು. ನಮ್ಮವರಲ್ಲಿ ಒಬ್ಬ ಔಟಾಗಿದ್ದ, ಒಬ್ಬ ಎರಡನೇ ಬೇಸಿನ ಮೇಲಿದ್ದ. ಟಾಲಿವರ್ ಹೋದ. ಗಂಟಲಿಗೂ ಅಷ್ಟು ಹೊತ್ತಿಗೆ ಸುಸ್ತಾಗಿತ್ತು; "ಹೋಗ್ಲಿ ಒಂದಾದ್ರೂ ಹೊಡಿಯಪ್ಪಾ, ನನಗೇ ಅಳು ಬರ್ತಿದೆ" ಎಂದು ಕೂಗಿದ. ಎರಡನೇ ಎಸೆತಕ್ಕೆ ಟಾಲಿವರ್ ಬ್ಯಾಟ್ ಬೀಸಿದ. ಚೆಂಡು ನೆಲದ ಮೇಲೆ ಎರಡು ಸಲ ಪುಟಿದು, ಇಬ್ಬರು ಆಟಗಾರರು ಮೈಚೆಲ್ಲಿ ಬಿದ್ದ ಜಾಗದ ನಡುವೆ ನುಸುಳಿ ಹುಲ್ಲಿಗೆ ಹೋಯಿತು. ಎರಡನೇ ಬೇಸಿನ ಮೇಲಿದ್ದ ನಮ್ಮವನು ಹೋಮ್ ಬೇಸಿಗೆ ಓಡಿ ಬಂದ, ಮೂರಕ್ಕೆ ಮೂರು ಸಮ. ಟಾಲಿವರ್ ಮೊದಲ ಬೇಸಿನ ಮೇಲೆ ನಿಂತಿದ್ದ. ಕೈ ಸೊಂಟದ ಮೇಲೆ, ಎಲ್ಲಿ ನೋಡಬೇಕೆಂದು ತಿಳಿಯದವನ ಹಾಗೆ ಬರಿದೇ ಹುಲ್ಲು ನೋಡುತ್ತಿದ್ದ.

ನಮ್ಮ ಡಗೌಟಿನಲ್ಲಿ ಆ ವರ್ಷ ಕೇಳದಂಥ ಗದ್ದಲ. ಮೊದಲ ಹಿಟ್ ಹೊಡೆದವನಿಗೆ ಆ ಚೆಂಡನ್ನೇ ಇಟ್ಟುಕೊಡುವುದು ನಮ್ಮಲ್ಲಿ ಪದ್ಧತಿ. ನಾನೇ ಎಲ್ಲರಿಗಿಂತ ಜೋರಾಗಿ ಕಿರುಚಿದೆ. "ಚೆಂಡು! ಚೆಂಡು ಈ ಕಡೆ ಕೊಡ್ರೋ! ಮೊದಲನೇದು ಅದು!" ಅಂಪೈರ್ ಆಟ ನಿಲ್ಲಿಸಿ ಕೈ ಎತ್ತಿದ. ಕವಿಂಗ್ಟನ್‌ನ ಹುಡುಗನೊಬ್ಬ ಚೆಂಡನ್ನು ನಮ್ಮ ಕಡೆಗೆ ಉರುಳಿಸಿದ. ನಾನು ಬಗ್ಗಿ ಎತ್ತಿಕೊಂಡೆ. ಕೆಸಾಡಾ ಬ್ಯಾಟ್ ಹಿಡಿದು ನಿಧಾನಕ್ಕೆ ಹೊರಟ.

"ಕೆಸಾಡಾ ಆದ್ಮೇಲೆ ಪ್ರೂಯಿಟ್ ತಾನೇ? ಬದಲಿಗೆ ಯಾರಿದಾರೆ ನೋಡು" ಎಂದ ವೀಕ್ಸ್.

ನಾನು ಹಿಂಜೇಬಿನ ಚೀಟಿ ತೆಗೆದೆ. ಏಳು ಕೆಸಾಡಾ. ಎಂಟು ಟಾಲಿವರ್. ನನ್ನದೇ ಅಕ್ಷರ, ದುಂಡಗೆ, ಮುದ್ದಾಗಿ.

ಅಂಪೈರ್‌ನ ಜೇಬಿನಲ್ಲಿ ಇದೇ ಇದೆ. ಆ ಚೀಟಿಯ ಪ್ರಕಾರ ಟಾಲಿವರ್ ಆಡಿದ್ದು ಕೆಸಾಡಾನ ಸರದಿಯನ್ನು. ಎದುರಿನವರು ಕೇಳಿದರೆ ಹಿಟ್ ಇಲ್ಲ, ರನ್ ಇಲ್ಲ, ಮೇಲಿಂದ ಕೆಸಾಡಾ ಔಟ್. ಆದರೆ ಕೇಳಬೇಕಾದದ್ದು ಮುಂದಿನವನಿಗೆ ಮೊದಲ ಎಸೆತ ಬೀಳುವ ಮುಂಚೆ. ಒಂದು ಎಸೆತ ಬಿದ್ದುಬಿಟ್ಟರೆ ಆಮೇಲೆ ಬ್ರಹ್ಮಾಂಡವೇ ಕೇಳಿದರೂ ಹಿಟ್ ಹಿಟ್ಟೇ.

"ಕೆಸಾಡಾ! ಬೇಗ ಹೋಗೋ! ನಿಂತ್ಕೋ ಹೋಗು!"

ಕೆಸಾಡಾ ತಿರುಗಿ ನನ್ನನ್ನು ನೋಡಿದ. ಅವನು ಬ್ಯಾಟ್ ಹಿಡಿಯುವ ಮುಂಚೆ ಎಡ ಕೈಗವಸು ಬಿಚ್ಚಿ ಕಟ್ಟುತ್ತಾನೆ, ಬಲದ್ದು ಬಿಚ್ಚಿ ಕಟ್ಟುತ್ತಾನೆ, ಶಿಲುಬೆ ಮುಟ್ಟುತ್ತಾನೆ, ಮಣ್ಣು ಕೆದರುತ್ತಾನೆ.

"ಏನ್ ಕೋಚ್?"

"ಏನೂ ಇಲ್ಲ! ನಿಂತ್ಕೊಳ್ಳೋ ಸುಮ್ನೆ! ಕೈಗವಸು ಸತ್ತೋಗ್ಲಿ!"

ಅವನು ಎಡ ಕೈಗವಸು ಬಿಚ್ಚಿದ. ಅಂಪೈರ್ ಪಿಚರ್‌ಗೆ ಹೊಸ ಚೆಂಡು ಎಸೆದ. ಪಿಚರ್ ಅದನ್ನು ಎರಡು ಕೈಯಲ್ಲೂ ಹೊಸೆಯುತ್ತಿದ್ದ. ಅಷ್ಟರಲ್ಲಿ ಸ್ಟ್ರಿಕ್ಲರ್ ಡಗೌಟಿನ ಮೆಟ್ಟಿಲು ಹತ್ತಿ, ಜೇಬಿನಿಂದ ಚೀಟಿ ತೆಗೆದು ಬಿಡಿಸುತ್ತ, ಪೇಪರ್ ತರಲು ಗೇಟಿಗೆ ಹೋಗುವವನ ಹಾಗೆ ನಡೆದು ಬಂದ. ಚೆಂಡಿಗೆಂದು ನಾನು ಆಟ ನಿಲ್ಲಿಸದೆ ಇದ್ದಿದ್ದರೆ ಅವನಿಗೆ ಆ ಬಿಡುವು ಸಿಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಸಿಗುತ್ತಿತ್ತು ಎಂದೇ ನನಗೆ ನಾನು ಹೇಳಿಕೊಳ್ಳುತ್ತೇನೆ.

ವೀಕ್ಸ್ ಮತ್ತು ನಾನು ಓಡಿದೆವು. ಅಂಪೈರ್ ತನ್ನ ಚೀಟಿ ತೆಗೆದು ನೋಡಿದ, ಸ್ಟ್ರಿಕ್ಲರ್‌ನದನ್ನು ನೋಡಿದ, ತಲೆ ಅಲ್ಲಾಡಿಸಿದ.

"ಎರಡನೇ ಇನಿಂಗ್ಸಿಂದ ಜೇಬಲ್ಲಿ ಇಟ್ಕೊಂಡು ಕೂತಿದೀಯಲ್ಲೋ, ಕಳ್ಳ" ಎಂದ ವೀಕ್ಸ್.

"ನೀನಾಗಿದ್ರೆ ಚೌಕಟ್ಟು ಹಾಕಿಸ್ತಿದ್ದೆ" ಎಂದ ಸ್ಟ್ರಿಕ್ಲರ್. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. "ಅವನ ಮೊದಲನೇ ಹಿಟ್ ಅಂತ ನೀನು ಕೂಗಿದ್ಮೇಲೇ ಗೊತ್ತಾಗಿದ್ದು ಆಲ್ವಿ. ಬೇಜಾರಾಯ್ತು ಕಣೋ. ಆದ್ರೆ ನನಗೆ ಈ ಪಂದ್ಯ ಬೇಕು."

ವೀಕ್ಸ್ ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಅಂಪೈರ್ ಕೈ ಚಾಚಿದ. ನನ್ನ ಕೈಯಲ್ಲಿ ಚೆಂಡು ಇನ್ನೂ ಇತ್ತು. ನಡೆಯದ ಹಿಟ್‌ಗೆ ಚೆಂಡು ಯಾಕೆ? ಕೊಟ್ಟೆ. ಅವನು ಅದನ್ನು ಸೊಂಟದ ಚೀಲಕ್ಕೆ ಉಳಿದ ಚೆಂಡುಗಳ ಜೊತೆ ಹಾಕಿಕೊಂಡ. ಆಮೇಲೆ ಯಾವುದು ಯಾವುದೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

ಟಾಲಿವರ್ ಇನ್ನೂ ಮೊದಲ ಬೇಸಿನ ಮೇಲೇ ಇದ್ದ. ಹೇಳುವುದಕ್ಕೆ ನಾನೇ ಹೋದೆ.

"ಇಳಿದು ಬಾ ರಾಯ್ಸ್."

"ಯಾಕೆ ಕೋಚ್? ಔಟಾ?"

"ನೀನಲ್ಲ. ಕೆಸಾಡಾ ಔಟ್. ಅಂಪೈರ್ ಚೀಟಿಯಲ್ಲಿ ನೀನು ಎಂಟರಲ್ಲಿದೀಯ. ನಿನ್ನ ಹಿಟ್... ಅದು ಹೋಯ್ತು. ರನ್ನೂ ಹೋಯ್ತು."

ಅವನು ಬೇಸಿನ ಮೇಲಿನ ಪಾದವನ್ನು ತಕ್ಷಣ ತೆಗೆಯಲಿಲ್ಲ. "ಈಗ ಯಾರು ಆಡ್ಬೇಕು?" ಎಂದ.

"ನೀನೇ. ಏಳನೆಯವನು ಔಟಾದ್ಮೇಲೆ ಎಂಟನೆಯವನು ತಾನೇ? ಚೀಟಿ ಪ್ರಕಾರ ಈಗ ನಿನ್ನ ಸರದಿ."

"ಮತ್ತೆ ನಾನೇನಾ?"

"ಮತ್ತೆ ನೀನೇ."

ನನಗೆ ಅವನ ಮುಖ ನೋಡಲಾಗಲಿಲ್ಲ. "ನನ್ನ ಬ್ಯಾಟ್ ಎಲ್ಲಿ ಹೋಯ್ತು?" ಎಂದು ಕೇಳಿ ಬೇಸ್ ಬಿಟ್ಟು ನಡೆದ.

ಇದೇ ಇನ್ನೊಂದು ಸಂಕಟ. ನಾನು ಬುದ್ಧಿವಂತಿಕೆ ತೋರಿಸದೆ ಅವನನ್ನು ಎಂಟರಲ್ಲೇ ಬಿಟ್ಟಿದ್ದರೂ ಅದೇ ಇನಿಂಗ್ಸಿನಲ್ಲಿ ಅವನ ಸರದಿ ಬಂದೇ ಬರುತ್ತಿತ್ತು. ನನ್ನ ಉಪಕಾರದಿಂದ ಅವನಿಗೆ ಸಿಕ್ಕ ಲಾಭ ಸೊನ್ನೆ.

ಸ್ಟ್ಯಾಂಡಿನಲ್ಲಿ ಏನಾಯಿತೆಂದು ಯಾರಿಗೂ ಅರ್ಥವಾಗಿರಲಿಲ್ಲ. ಫಲಕದ ಮೇಲಿನ ಮೂರು ಮತ್ತೆ ಎರಡಾಯಿತು. ಜನ ಕೂಗಾಡಿದರು. ಗಂಟಲು ಮಾತ್ರ, ಒಂದು ವರ್ಷದಲ್ಲಿ ಮೊದಲ ಸಲ, ಬಾಯಿ ಮುಚ್ಚಿಕೊಂಡು ಕೂತಿದ್ದ.

ಇಬ್ಬರು ಔಟ್, ಓಡಿದವನು ಮತ್ತೆ ಎರಡನೇ ಬೇಸಿಗೆ. ಟಾಲಿವರ್ ನಿಂತ. ಮೊದಲ ಎಸೆತಕ್ಕೆ ಬೀಸಿ ತಪ್ಪಿದ. ಎರಡನೆಯದು, ಮೂರನೆಯದು ಕೆಟ್ಟ ಎಸೆತ, ಬಿಟ್ಟ. ನಾಲ್ಕನೆಯದನ್ನು ಗೆರೆಯ ಹೊರಗೆ ಹೊಡೆದ. ಇನ್ನೊಂದು ಕೆಟ್ಟದ್ದು ಬಿಟ್ಟ. ಆಮೇಲೆ ನಾಲ್ಕು ಸಲ ಗೆರೆಯ ಹೊರಗೆ ಹೊಡೆದ. ಈಗ ಮೂರು ಕೆಟ್ಟ ಎಸೆತ ಆಗಿತ್ತು. ಇನ್ನೊಮ್ಮೆ ಬೀಸಿ ತಪ್ಪಿದರೆ ಔಟ್, ಮೂರನೇ ಔಟಿಗೆ ಇನಿಂಗ್ಸೂ ಮುಗಿಯಿತು. ನಾಲ್ಕನೇ ಕೆಟ್ಟದ್ದನ್ನು ಬಿಟ್ಟರೆ ಪುಕ್ಕಟೆ ಮೊದಲ ಬೇಸ್. ಆದರೆ ಪುಕ್ಕಟೆ ಹೋದದ್ದು ಹಿಟ್ ಅಲ್ಲ. ಪುಸ್ತಕದಲ್ಲಿ ಆ ಸೊನ್ನೆಗೆ ಅದರಿಂದ ಏನೂ ಆಗುವುದಿಲ್ಲ.

"ಹೊಡಿ" ಎಂದು ನಾನು ಬಾಯೊಳಗೇ ಅಂದೆ. "ಏನು ಬಂದರೂ ಹೊಡಿ."

ಬಂತು. ಒಂದು ಗೇಣು ಹೊರಗಿತ್ತು. ಸೊಂಟದೆತ್ತರ, ಮೆತ್ತಗೆ. ಕೈ ಚಾಚಿ ತಟ್ಟಿದ್ದರೆ ಬಲಗಡೆಯ ಖಾಲಿ ಹುಲ್ಲಿಗೆ ಬೀಳುವಂಥದ್ದು. ನಾನು ಆಡುತ್ತಿದ್ದ ಕಾಲದಲ್ಲಿ ನನ್ನ ಮೂವತ್ತೊಂದರಲ್ಲಿ ಅರ್ಧ ಅಂಥವೇ. ಟಾಲಿವರ್‌ನ ಭುಜ ಅಲುಗಿತು. ಕೈ ಮುಂದೆ ಬಂತು. ನಿಂತಿತು. ಚೆಂಡು ಅವರ ಕ್ಯಾಚರ್‌ನ ಕೈ ಸೇರಿತು. ಅಂಪೈರ್ ಮೊದಲ ಬೇಸಿನ ಕಡೆ ಕೈ ತೋರಿಸಿದ. ಟಾಲಿವರ್ ಬ್ಯಾಟನ್ನು ಹುಲ್ಲಿನ ಮೇಲೆ ಇಟ್ಟು, ಎಸೆಯಲಿಲ್ಲ, ಇಟ್ಟು, ಐದು ನಿಮಿಷದ ಹಿಂದೆ ಬಿಟ್ಟು ಬಂದ ಬೇಸಿಗೆ ಓಡಿದ.

ಅವನ ನಂತರ ಪ್ರೂಯಿಟ್. ಇಪ್ಪತ್ತೆರಡರ ಪೋರ, ವಿಮಾನ ತಪ್ಪುತ್ತದೆ ಎಂಬ ಅವಸರದಲ್ಲಿದ್ದ. ಮೊದಲ ಎಸೆತಕ್ಕೇ ಮೇಲಕ್ಕೆ ಹೊಡೆದು ಔಟಾದ. ಇನಿಂಗ್ಸ್ ಮುಗಿಯಿತು. ಕೊನೆಯ ಒಂಬತ್ತನೆಯದರಲ್ಲಿ ನಮ್ಮ ಮೂವರು ಬಂದ ದಾರಿಯಲ್ಲೇ ವಾಪಸು ಬಂದರು. ಮೂರು, ಎರಡು. ಕವಿಂಗ್ಟನ್‌ನವರು ನಮ್ಮ ಹುಲ್ಲಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ನಮಗೆ ನೂರಾಯಿತು.

ವರದಿಗಾರರು ವೀಕ್ಸ್‌ನ ಕೋಣೆಗೆ ನುಗ್ಗಿದರು. ನಾನು ಬಾಗಿಲ ಹೊರಗೆ ಗೋಡೆಗೆ ಅಂಟಿಕೊಂಡು ನಿಂತಿದ್ದೆ.

"ಚೀಟಿ ಯಾರು ಬರೆದಿದ್ದು?"

"ಕೆಳಗೆ ಯಾರ ಸಹಿ ಇದೆ? ನನ್ನದು ತಾನೇ? ತಪ್ಪೂ ನನ್ನದೇ. ನಾಳೆಯಿಂದ ನೀವು ನನ್ನ ಮೇಲೆ ಏನು ಬರೆದ್ರೂ ಒಂದೇ, ಬರ್ಕೊಳ್ಳಿ. ಮುಂದಿನ ಪ್ರಶ್ನೆ" ಎಂದ ವೀಕ್ಸ್.

ನಾನು ಒಳಗೆ ಹೋಗಿ ಅದು ನನ್ನದು ಎನ್ನಬಹುದಿತ್ತು. ಹೋಗಲಿಲ್ಲ. ಮುಂದಿನ ವರ್ಷವೂ ನನಗೆ ಕೆಲಸ ಬೇಕಿತ್ತು. ಅದು ಉಳಿಯಿತು ಕೂಡ.

ಆದರೆ ಟಾಲಿವರ್‌ಗೆ ಹೇಳದೆ ಮನೆಗೆ ಹೋಗಲಾಗಲಿಲ್ಲ. ಆಟಗಾರರ ಕೋಣೆಯಲ್ಲಿ ಎಲ್ಲರೂ ರಟ್ಟಿನ ಪೆಟ್ಟಿಗೆಗೆ ಸಾಮಾನು ತುಂಬುತ್ತಿದ್ದರು. ಕೆಸಾಡಾ ಹಾಡುತ್ತಿದ್ದ, ಯಾರೂ ಬೈಯುತ್ತಿರಲಿಲ್ಲ. ಟಾಲಿವರ್ ಮೂಲೆಯ ಸ್ಟೂಲಿನ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ. ನಾನು ಪಕ್ಕದ ಸ್ಟೂಲ್ ಎಳೆದುಕೊಂಡೆ.

"ಚೀಟಿ ನನ್ನದು ರಾಯ್ಸ್. ವೀಕ್ಸ್‌ನದಲ್ಲ. ನಿನ್ನನ್ನ ಏಳಕ್ಕೆ ತಂದೋನು ನಾನು. ಗೋಡೆ ಮೇಲಿಂದು ಬದಲಾಯಿಸಿದೆ, ಜೇಬಲ್ಲಿದ್ದದ್ದು ಮರೆತೆ."

"ಗೊತ್ತು ಕೋಚ್."

"ಹೇಗೆ?"

"ಗೋಡೆ ಮೇಲಿರೋದೂ ನಿಮ್ಮ ಅಕ್ಷರ ತಾನೇ? ಏಳರಲ್ಲಿ ನನ್ನ ಹೆಸರು ನೋಡ್ದೆ. ನನಗೋಸ್ಕರ ಮಾಡಿದೀರಿ ಅಂತ ಗೊತ್ತಾಯ್ತು." ಅವನು ಬೂಟು ತಿರುಗಿಸಿ ಇನ್ನೊಂದು ಬದಿ ಕೆರೆದ. "ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ."

ಅವನು ಸಿಟ್ಟು ಮಾಡಲಿ ಎಂದು ಬಂದಿದ್ದೆ ನಾನು. ಬೂಟು ನನ್ನ ಮೇಲೆ ಎಸೆದಿದ್ದರೂ ಹಗುರಾಗುತ್ತಿದ್ದೆ. ಥ್ಯಾಂಕ್ಸ್ ಕೇಳಿ ನನಗೆ ಎಲ್ಲಿಲ್ಲದ ಕೋಪ ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ, ಅವನ ಮೇಲೇ ಹಾಯ್ದೆ.

"ಹೋಗ್ಲಿ, ಎರಡನೇ ಸಲ ಸಿಕ್ತಲ್ಲೋ! ಆ ಕೊನೇ ಎಸೆತ ಯಾಕೆ ಬಿಟ್ಟೆ?"

"ಹೊರಗಿತ್ತು ಕೋಚ್."

"ಒಂದು ಗೇಣು ಹೊರಗಿತ್ತು! ಕೈ ಚಾಚಿದ್ರೆ ಸಿಗ್ತಿತ್ತು. ತಟ್ಟಿದ್ರೆ ಸಾಕಿತ್ತು."

"ಸಿಗ್ತಿತ್ತು. ಮನಸ್ಸೂ ಬಂತು."

"ಮತ್ತೆ? ಜನ್ಮದಲ್ಲಿ ಇನ್ನೊಂದು ಸಲ ಬರಲ್ಲ ಅದು. ನಿನಗೆ ಗೊತ್ತಿರಲಿಲ್ವಾ?"

ಅವನು ನನ್ನ ಮುಖ ನೋಡಿದ. ನನ್ನ ಪ್ರಶ್ನೆ ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ತಪ್ಪಿದ್ರೆ ಇನಿಂಗ್ಸೇ ಮುಗೀತಿತ್ತು ಕೋಚ್" ಎಂದ. "ಒಂದು ರನ್ ಹಿಂದೆ ಇದ್ವಲ್ಲ. ಬೇಸ್ ಮೇಲೆ ಇನ್ನೊಬ್ಬ ಬೇಕಿತ್ತು."

ನೂರಕ್ಕೆ ಒಂದು ಕಡಿಮೆ ಸೋತು ಬಂದಿದ್ದ ನಮ್ಮಲ್ಲಿ ಪ್ರೂಯಿಟ್‌ಗೆ ವಿಮಾನ ಹಿಡಿಯಬೇಕಿತ್ತು, ವೀಕ್ಸ್‌ಗೆ ಮನೆ ಸೇರಬೇಕಿತ್ತು, ನನಗೆ ಟಾಲಿವರ್‌ಗೊಂದು ಹಿಟ್ ಕೊಡಿಸಿ ಒಳ್ಳೆಯವನಾಗಬೇಕಿತ್ತು. ಆ ಪಂದ್ಯವನ್ನು ಗೆಲ್ಲಬೇಕೆಂದು ಆಡಿದವನು ಅವನೊಬ್ಬನೇ. ಅಲ್ಲಿ ಕೂತು ನನಗೆ ನಾಚಿಕೆಯಾಯಿತು. ಅವನು ಬೂಟು ಕೆರೆದು ಮುಗಿಸಿ ಪೆಟ್ಟಿಗೆಗೆ ಹಾಕಿದ.